ನಾಯಿ ಬೆಕ್ಕು ಇರೋ ಮನೆಗೆ ಗುಡಿಸೋ ರೋಬೋಟ್: ಹಿಂದಿನ ಕಥೆ

ಮಂಡಿ ನೋವಿನ ಅವ್ವನಿಗೆ ಬೆಂಗಳೂರಿನ ಮಗ ಗುಡಿಸೋ ರೋಬೋಟ್ ಕಳಿಸ್ತೀನಿ ಅಂದರೆ ಅವ್ವ ಕೇಳೋದು ಒಂದೇ: ‘ನಾಯಿ ಬೆಕ್ಕಿನ ಕೂದಲು ತೆಗೆಯುತ್ತೇನೋ ಅದು?’ ಉತ್ತರಕ್ಕೆ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

2001ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿ ‘ಟ್ರೈಲೋಬೈಟ್’ ಅನ್ನು ಮಾರಾಟಕ್ಕೆ ತಂತು. ಸಾಮಾನ್ಯರ ಕೈಗೆಟುಕುವ ಬೆಲೆಯಲ್ಲ. ಮರುವರ್ಷ ಅಮೆರಿಕದ ಐರೋಬೋಟ್ ಸುಮಾರು 200 ಡಾಲರಿಗೆ ‘ರೂಂಬಾ’ ಬಿಟ್ಟಿತು. ಅದೇ ಕಂಪನಿ ಸೈನ್ಯಕ್ಕೂ ರೋಬೋಟ್ ಮಾಡುತ್ತಿತ್ತು ಅನ್ನೋದು ತಮಾಷೆ! ಆ ರೂಂಬಾಕ್ಕೆ ಕಣ್ಣಿರಲಿಲ್ಲ; ಗೋಡೆಗೆ ಡಿಕ್ಕಿ ಹೊಡೆದು ತಿರುಗುತ್ತಿತ್ತು. ಬ್ರಷ್‌ಗೆ ಕೂದಲು ಸುತ್ತಿಕೊಂಡರೆ ಕತ್ತರಿ ಹಿಡಿದು ಬಿಡಿಸೋ ಕೆಲಸ ಮನೆಯವರದೇ. ಮುಂದೆ ರಬ್ಬರ್ ರೋಲರ್ ಬಂದ ಮೇಲೆ ಆ ಕಾಟ ತಗ್ಗಿತು. ಇನ್ನೊಂದು ಕಾಟ ಹೇಳೋಕೇ ಹೇಸಿಗೆ: ನಾಯಿ ಮನೆಯೊಳಗೆ ಕಕ್ಕ ಮಾಡಿದ್ದರೆ ಯಂತ್ರ ಅದನ್ನೇ ಮನೆತುಂಬ ಸಾರಿಸಿಬಿಡುತ್ತಿತ್ತು. ಕ್ಯಾಮೆರಾದಿಂದ ಗುರುತಿಸಿ ಪಕ್ಕಕ್ಕೆ ಸರಿಯೋ ರೂಂಬಾ ಜೆ7 ಬಂದದ್ದು 2021ರಲ್ಲಿ.

ಕಡಿಮೆ ಬೆಲೆಯವಕ್ಕೆ ಈಗಲೂ ಹೆಚ್ಚಾಗಿ ಆ ಕಣ್ಣಿಲ್ಲ. ನಾವಾದರೆ ರಬ್ಬರ್ ರೋಲರ್ ಇದೆಯಾ, ಬಿಡಿಭಾಗ ಸಿಗುತ್ತಾ ನೋಡಿ ಕೊಳ್ಳುತ್ತೇವೆ. ರಾತ್ರಿ ಅದನ್ನೊಂದೇ ಓಡಲು ಬಿಟ್ಟು ಮಲಗುವುದಿಲ್ಲ. ಹಳೇ ಮನೆಯ ಎತ್ತರದ ಹೊಸ್ತಿಲನ್ನು ಮಾತ್ರ ಯಾವ ಅಗ್ಗದ ರೋಬೋಟೂ ದಾಟದು. ಕೋಣೆಯಿಂದ ಕೋಣೆಗೆ ಬಗ್ಗಿ ಎತ್ತಿ ಇಡಬೇಕಾದವಳು ಅವ್ವನೇ.