ಮೊದಲ ಟೇಪು, ಮರುಹಾಡಿಕೆ: ಕೈವಾರದಿಂದ ಅಂತರಾಗ್ನಿಯವರೆಗೆ

ಅಮೆರಿಕದ ಹಾಡುಗಾರ ಎಲಿಯಟ್ ಸ್ಮಿತ್ ತೀರಿಕೊಂಡದ್ದು 2003ರಲ್ಲಿ. 2007ರ ಮೇ ತಿಂಗಳಲ್ಲಿ ಕಿಲ್ ರಾಕ್ ಸ್ಟಾರ್ಸ್ ಎಂಬ ಸಣ್ಣ ಕಂಪನಿ ಆತನ ‘ನ್ಯೂ ಮೂನ್’ ಸಂಕಲನವನ್ನು ಹೊರತಂದಿತು. 1994ರಿಂದ 1997ರ ನಡುವೆ ಧ್ವನಿಮುದ್ರಿಸಿ ಬಹುಪಾಲು ಹಾಗೆಯೇ ಉಳಿದಿದ್ದ 24 ಹಾಡುಗಳು ಅದರಲ್ಲಿವೆ. ಟೇಪುಗಳನ್ನು ವಿಂಗಡಿಸಿದವರು ಲ್ಯಾರಿ ಕ್ರೇನ್. ಅದಕ್ಕೂ ಹಿಂದಿನ ವರ್ಷ ಜರ್ಮನಿಯ ಸಿಬಿಲ್ ಬೈಯರ್ ಅವರ ‘ಕಲರ್ ಗ್ರೀನ್’ ಬಂದಿತ್ತು. 1970ರ ದಶಕದ ಆರಂಭದಲ್ಲಿ ಮನೆಯಲ್ಲೇ ರೀಲ್ ಟೇಪಿಗೆ ಹಾಡಿಟ್ಟಿದ್ದ ಹಾಡುಗಳು ಮೂರು ದಶಕ ಕಳೆದ ಮೇಲೆ ಮಗನ ಆಸಕ್ತಿಯಿಂದ ಹೊರಬಿದ್ದವು. ಇವುಗಳ ಮಾರುಕಟ್ಟೆ ನಿಂತಿರುವುದು ಒಂದು ನಂಬಿಕೆಯ ಮೇಲೆ. ಹಾಡಿನ ಮೊದಲ ರೂಪಕ್ಕೆ ತನ್ನದೇ ಬೆಲೆಯಿದೆ, ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ತಪ್ಪಿದ ಪದ ಎಲ್ಲವೂ ಅದರೊಳಗೆ ಸೇರಿವೆ ಎಂಬ ನಂಬಿಕೆ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಪ್ರಕರಣ ರಘು ದೀಕ್ಷಿತ್ ಅವರದು. ಮೈಸೂರಿನಲ್ಲಿ ಬೆಳೆದು ಸೂಕ್ಷ್ಮಜೀವಿಶಾಸ್ತ್ರ ಓದಿದ ಅವರು 1990ರ ದಶಕದ ಕೊನೆಗೆ ‘ಅಂತರಾಗ್ನಿ’ ಬ್ಯಾಂಡ್ ಕಟ್ಟಿದರು. ಮುಂದೆ ಆ ತಂಡ ಚದುರಿತು. ಕಂಪನಿಗಳ ಬಾಗಿಲು ವರ್ಷಗಟ್ಟಲೆ ತೆರೆಯಲಿಲ್ಲ. ಕೊನೆಗೆ ಮುಂಬೈಯಲ್ಲಿ ಅವರ ಹಾಡು ಕೇಳಿದ ವಿಶಾಲ್–ಶೇಖರ್ ಜೋಡಿ ತಮ್ಮ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಮೂಲಕ 2008ರಲ್ಲಿ ಅವರ ಮೊದಲ ಆಲ್ಬಂ ತಂದಿತು. ಅದರ ಎಂಟು ಹಾಡುಗಳು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಇವೆ. ಆಲ್ಬಂ ಹಳೆಯ ಬ್ಯಾಂಡಿನ ಹೆಸರನ್ನೇ ಹೊತ್ತಿತ್ತು, ಆದರೆ ಅದರಲ್ಲಿ ಕೇಳುವುದು ಆ ಕಾಲದ ಟೇಪಲ್ಲ, ಹೊಸ ತಂಡ ಹೊಸದಾಗಿ ನುಡಿಸಿದ್ದು. ಸ್ಮಿತ್ ಹಾಡುಗಳ ವಿಷಯದಲ್ಲಿ ಕಂಪನಿ ಹಳೆಯ ಟೇಪನ್ನೇ ಮುಟ್ಟಿತು. ಇಲ್ಲಿ ಹಾಡು ಮುಂದೆ ಬಂತು, ಟೇಪು ಹಿಂದೆ ಉಳಿಯಿತು.

ದುಡ್ಡಿಲ್ಲದ್ದರಿಂದ, ಯಂತ್ರವಿಲ್ಲದ್ದರಿಂದ ಹೀಗಾಯಿತು ಎನ್ನುವುದು ಸುಲಭದ ವಿವರಣೆ. ನನಗೆ ಅದು ಅರ್ಧ ಸತ್ಯವಾಗಿ ಕಾಣುತ್ತದೆ. ಚಿಕ್ಕಬಳ್ಳಾಪುರಕ್ಕೆ ಹೋಗುವ ದಾರಿಯ ದೇವನಹಳ್ಳಿಯಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಮೈಸೂರು ಅನಂತಸ್ವಾಮಿ ಅವರ ಸಂಯೋಜನೆಯಲ್ಲಿ ಕ್ಯಾಸೆಟ್ಟಾದದ್ದು 1978ರಲ್ಲಿ. ಅಲ್ಲಿಂದ ಮುಂದೆ ಭಾವಗೀತೆಗಳ ಕ್ಯಾಸೆಟ್ಟು ಮನೆಮನೆ ಸೇರಿತು. ಯಂತ್ರ ಬಂದಿತ್ತು. ಮೊದಲ ರೂಪವನ್ನು ಬೇರೆಯಾಗಿ ಕಾಪಾಡಬೇಕೆಂಬ ಹಂಬಲ ಮಾತ್ರ ಬರಲಿಲ್ಲ. ಅದರ ಬೇರು ಹುಡುಕಲು ಚಿಕ್ಕಬಳ್ಳಾಪುರ ಸೀಮೆಯ ತತ್ವಪದಗಳ ಕಡೆಗೇ ನೋಡಬೇಕು.

ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣರು, ಜನರ ಬಾಯಲ್ಲಿ ಕೈವಾರ ತಾತಯ್ಯನವರು, ಬಳೆ ಮಾರುತ್ತಿದ್ದವರು. 1726ರಿಂದ 1836ರವರೆಗೆ ನೂರ ಹತ್ತು ವರ್ಷ ಬಾಳಿದರೆಂಬುದು ಪರಂಪರೆಯ ಲೆಕ್ಕ. ಅವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. ಗೌರಿಬಿದನೂರು, ಶಿಡ್ಲಘಟ್ಟದ ಕಡೆಯ ಮನೆಗಳಲ್ಲಿ ಎರಡೂ ನುಡಿಗಳು ಬೆರೆತೇ ಇರುವುದರಿಂದ ಭಜನೆಯ ಮಂದಿಗೆ ಇದರಲ್ಲಿ ತೊಡಕೇನೂ ಇಲ್ಲ. ಗುರುಪೂರ್ಣಿಮೆಗೆ ಕೈವಾರದಲ್ಲಿ ನಡೆಯುವ ಸಂಗೀತೋತ್ಸವ ಎಡೆಬಿಡದೆ 72 ಗಂಟೆ ಸಾಗುತ್ತದೆ. ಒಂದೇ ಕೀರ್ತನೆಯನ್ನು ಕಛೇರಿಯ ವಿದ್ವಾಂಸರೂ ಹಾಡುತ್ತಾರೆ, ಹಳ್ಳಿಯ ಭಜನಾ ಮಂಡಳಿಯವರೂ ಹಾಡುತ್ತಾರೆ. ರಾಗ, ನಡೆ, ಎತ್ತುಗಡೆ ಬೇರೆಯಾದರೂ ‘ಮೂಲ ಯಾವುದು?’ ಎಂದು ಯಾರೂ ಜಗಳಕ್ಕೆ ಇಳಿಯುವುದಿಲ್ಲ. ಅಂಕಿತ ಅಮರನಾರೇಯಣನದಾದರೆ ಸಾಕು, ಹಾಡು ತಾತಯ್ಯನವರದೇ.

ಶಿಶುನಾಳ ಶರೀಫರ (1819–1889) ಪದಗಳೂ ಇದೇ ಹಾದಿಯಲ್ಲಿ ಬಂದವು. ಸಿ. ಅಶ್ವತ್ಥ್ ಅವುಗಳನ್ನು ಕ್ಯಾಸೆಟ್ಟಿಗೆ ತಂದರು. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದಲ್ಲೂ ಸಂಗೀತ ಅವರದೇ. ಮುಂದೆ ರಘು ದೀಕ್ಷಿತ್ ತಮ್ಮ ಎಂಟು ಹಾಡುಗಳ ಪೈಕಿ ‘ಗುಡುಗುಡಿಯ’, ‘ಸೋರುತಿಹುದು’ ಎರಡನ್ನೂ ಶರೀಫರಿಂದಲೇ ಪಡೆದು ಗಿಟಾರಿಗೆ ಕೂಡಿಸಿದರು. ತತ್ವಪದದ ಗಾಯಕ ಹಳೆಯದನ್ನು ಒಯ್ಯುವ ಬಗೆಯೇ ಇದು: ಇನ್ನೊಮ್ಮೆ ಹಾಡುವುದು. ತಮ್ಮ ಸ್ವಂತ ಹಾಡುಗಳನ್ನೂ ರಘು ದೀಕ್ಷಿತ್ ಅದೇ ಬಗೆಯಲ್ಲಿ ಒಯ್ದರೆಂದು ನನ್ನ ವಾದ. ಇಂಥ ಸ್ವತಂತ್ರ ಸಂಗೀತಕ್ಕಿರುವ ಇಂಡಿ ಎಂಬ ಹೆಸರು ಹೊರಗಿನದು, ರೂಢಿ ಮಾತ್ರ ಭಜನೆಮನೆಯದು.

ಇದರಲ್ಲಿ ನಷ್ಟವೂ ಇದೆ, ಅದನ್ನು ಮುಚ್ಚಿಡಬಾರದು. ಮರುಹಾಡಿಕೆಯಲ್ಲಿ ಮೊದಲ ತಂಡದ ವಾದಕರು ಅಳಿಸಿಹೋಗುತ್ತಾರೆ. ಪಿಟೀಲು ಹಿಡಿದವರು ಯಾರು, ತಾಳ ಯಾರದು, ಯಾವ ಊರಿನ ಯಾವ ಕೋಣೆ ಎಂಬುದು ಸಂಗೀತದ ಚರಿತ್ರೆ ಬರೆಯುವವನಿಗೆ ಹಾಡಿನಷ್ಟೇ ಮುಖ್ಯ. ಈ ಮಾಹಿತಿ ಇರುವುದು ಟೇಪಿನಲ್ಲಿ ಮತ್ತು ಟೇಪಿನ ಡಬ್ಬಿಯ ಮೇಲಿನ ಬರಹದಲ್ಲಿ.

ಇಂಥ ಟೇಪುಗಳನ್ನು ಸಂಕಲಿಸಲು ಹೊರಟವರಿಗೆ 1957ರ ಕೃತಿಸ್ವಾಮ್ಯ ಕಾಯಿದೆ ಎದುರಾಗುತ್ತದೆ. ಧ್ವನಿಮುದ್ರಣದ ಕರ್ತೃ ಹಾಡಿದವನಲ್ಲ, ಮುದ್ರಣದ ಹೊಣೆ ಹೊತ್ತ ನಿರ್ಮಾಪಕ. ಹಕ್ಕಿನ ಅವಧಿ 60 ವರ್ಷ, ಆ ಎಣಿಕೆ ಶುರುವಾಗುವುದು ಮೊದಲ ಪ್ರಕಟಣೆಯ ಮರುವರ್ಷದಿಂದ. ಬಿಡುಗಡೆಯೇ ಆಗದ ಟೇಪಿಗೆ ಈ ಎಣಿಕೆ ಆರಂಭವಾಗುವುದೇ ಇಲ್ಲ. ಅತ್ತ ಹಾಡಿದವರ, ನುಡಿಸಿದವರ ಪ್ರದರ್ಶಕ ಹಕ್ಕಿನ 50 ವರ್ಷ ಹಾಡಿದ ಮರುವರ್ಷದಿಂದಲೇ ಸವೆಯತೊಡಗುತ್ತದೆ. ಐದಾರು ಗೆಳೆಯರು ದುಡ್ಡು ಕೂಡಿಸಿ ಮುದ್ರಿಸಿಕೊಂಡ ಟೇಪಿನಲ್ಲಿ ನಿರ್ಮಾಪಕ ಯಾರೆಂದು ತೀರ್ಮಾನಿಸಬೇಕಾದರೆ ಸ್ಟುಡಿಯೋದ ರಸೀದಿ ಯಾರ ಹೆಸರಿನಲ್ಲಿದೆ ಎಂಬುದರಿಂದ ಮೊದಲುಮಾಡಬೇಕು.