ಸೂಳೆಕೆರೆ ಏರಿಯೂ ಇಪ್ಪತ್ತು ಮೀಟರ್ ತಂತಿಯೂ

ತುಂಬಾ ದಿನದಿಂದ ಇದನ್ನ ಬರೀಬೇಕು ಅಂದ್ಕೊಂಡಿದ್ದೆ. ಆಫೀಸು, ರಿಲೀಸು, ಡೆಡ್‌ಲೈನು ಅಂತ ಮುಂದಕ್ಕೆ ಹೋಗ್ತಾನೇ ಇತ್ತು.

ನಮ್ಮಜ್ಜನ ಮನೆ ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆಗೆ ಹತ್ತಿರ. ಆ ಮನೆಯ ಹೆಂಚಿನ ಮೇಲೆ ಎರಡು ಬಿದಿರು ಗಳ, ಅವುಗಳ ಮಧ್ಯೆ ಒಂದು ತಾಮ್ರದ ತಂತಿ. ನಾನು ಚಿಕ್ಕವನಿದ್ದಾಗ ಅದು ಗುಬ್ಬಚ್ಚಿ ಕೂರೋಕೆ ಕಟ್ಟಿದ್ದು ಅಂತಲೇ ತಿಳಿದಿದ್ದೆ :-) ಅದು ಅಜ್ಜನ ವಾಲ್ವ್ ರೇಡಿಯೋದ ಏರಿಯಲ್ ಅಂತ ಗೊತ್ತಾಗುವಷ್ಟರಲ್ಲಿ ರೇಡಿಯೋ ಗುಜರಿಗೆ ಹೋಗಿತ್ತು.

ಈಗಿನವರಿಗೆ ಏರಿಯಲ್ ಯಾಕೆ ಬೇಕಿತ್ತು ಅನ್ನೋದೇ ಗೊತ್ತಿಲ್ಲ. ಟ್ರಾನ್ಸಿಸ್ಟರ್ ಸೆಟ್ಟಿನ ಒಳಗೆ ಫೆರೈಟ್ ಕಡ್ಡಿಗೆ ಸುತ್ತಿದ ಸುರುಳಿ ಇರತ್ತೆ, ಮೀಡಿಯಂ ವೇವ್ ಹಿಡಿಯೋಕೆ ಅದೇ ಸಾಕು. ಹಳೇ ವಾಲ್ವ್ ಸೆಟ್ಟುಗಳಲ್ಲಿ ಬಹುತೇಕ ಅದಿರಲಿಲ್ಲ. ಹಿಂದುಗಡೆ ಎರಡು ತೂತು, ಒಂದು ಏರಿಯಲ್‌ಗೆ, ಇನ್ನೊಂದು ಅರ್ತ್‌ಗೆ. ಗುಡುಗು ಶುರುವಾದರೆ ಏರಿಯಲ್ ಕಿತ್ತು ಕಿಟಕಿಯಿಂದ ಆಚೆ ಎಸೆಯೋದು ಮನೆಯ ಯಾರಾದರೊಬ್ಬರ ಡ್ಯೂಟಿ. ಇದರ ಮೇಲೆ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಫೀ ಕಟ್ಟಬೇಕು, ಬರೀ ಕೇಳೋದಕ್ಕೆ! 1980ರ ದಶಕದ ಮಧ್ಯದವರೆಗೂ ಈ ಪದ್ಧತಿ ಇತ್ತು.

ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರಲ್ಲಿ, ಬೆಂಗಳೂರು 1955ರಲ್ಲಿ. 1965ರಲ್ಲಿ ಭದ್ರಾವತಿ ಕೇಂದ್ರ ಬಂದ ಮೇಲೆ ನಮ್ಮ ಕಡೆಯವರ ಕಷ್ಟ ತೀರಿತು. ನಲವತ್ತು ಕಿಲೋಮೀಟರ್ ಆಸುಪಾಸಿನಲ್ಲೇ ಇರೋ ಸ್ಟೇಶನ್‌ಗೆ ಉದ್ದ ತಂತಿಯ ಹಂಗೇ ಬೇಡ. ಆದರೂ ಅಜ್ಜ ತಂತಿ ಬಿಚ್ಚಲಿಲ್ಲ.

ಕೇಳೋದು ಬಿಡಿ, ಸ್ವಂತ ಮನೆಯಿಂದ ಕಳಿಸಿದವರೂ ಇದ್ದರು. ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿ ಅಂತ ಸೈಕಾಲಜಿ ಪ್ರೊಫೆಸರ್. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಃಶಾಸ್ತ್ರ ವಿಭಾಗ ಕಟ್ಟಿದವರು. ಎಲೆಕ್ಟ್ರಿಕಲ್ ಎಂಜಿನಿಯರ್ ಅಲ್ಲ, ಸರ್ಕಾರದ ಆಜ್ಞೆ ಇರಲಿಲ್ಲ, ಹುಚ್ಚು ಮಾತ್ರ ಇತ್ತು. 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ 'ವಿಠಲ ವಿಹಾರ'ದಿಂದಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. 30 ವ್ಯಾಟ್ ಅಂದರೆ ನಿಮ್ಮ ಲ್ಯಾಪ್‌ಟಾಪ್ ಚಾರ್ಜರಿಗಿಂತ ಕಮ್ಮಿ! ಆಮೇಲೆ 250 ವ್ಯಾಟಿನದು ಬಂತು. ಆ ನಿಲಯಕ್ಕೆ ಬಿದ್ದ ಹೆಸರೇ 'ಆಕಾಶವಾಣಿ'. 'ಆಲ್ ಇಂಡಿಯಾ ರೇಡಿಯೋ' ಅನ್ನೋ ಹೆಸರು ಹುಟ್ಟಿದ್ದು ಅದರ ಮಾರನೇ ವರ್ಷ, 1936ರಲ್ಲಿ. ಮೈಸೂರಿನ ಪ್ರೊಫೆಸರರ ಮನೆಯ ಹೆಸರು ಇಡೀ ದೇಶದ ರೇಡಿಯೋಗೆ ಅಂಟಿದ್ದು ಐವತ್ತರ ದಶಕದಲ್ಲಿ. ಇದನ್ನ ನಾವು ಶಾಲೆಯಲ್ಲಿ ಒಂದಂಕದ ಪ್ರಶ್ನೆ ಮಾಡಿ ಮುಗಿಸಿಬಿಟ್ಟಿದ್ದೇವೆ, ಅದೇ ಬೇಜಾರು.

ಹವ್ಯಾಸಿಗಳನ್ನ, ಅಂದರೆ ಹ್ಯಾಮ್‌ಗಳನ್ನ, ಬ್ರಿಟಿಷ್ ಸರ್ಕಾರ ಸುಮ್ಮನೆ ಬಿಡಲಿಲ್ಲ. 1939ರಲ್ಲಿ ಯುದ್ಧ ಶುರುವಾಗಿದ್ದೇ ತಡ, ಟ್ರಾನ್ಸ್‌ಮಿಟರ್ ತಂದೊಪ್ಪಿಸಿ ಅಂತ ಆರ್ಡರ್. 1942ರಲ್ಲಿ ಕ್ವಿಟ್ ಇಂಡಿಯಾ ಹೊತ್ತಿಗೆ ಬಾಂಬೆಯಲ್ಲಿ ಉಷಾ ಮೆಹ್ತಾ ಅನ್ನೋ ಇಪ್ಪತ್ತೆರಡರ ಹುಡುಗಿ ಗೆಳೆಯರ ಜೊತೆ ಗುಪ್ತ 'ಕಾಂಗ್ರೆಸ್ ರೇಡಿಯೋ' ನಡೆಸಿದಳು. ಟ್ರಾನ್ಸ್‌ಮಿಟರ್ ಕೆಲಸದಲ್ಲಿ ಕೈ ಹಾಕಿದವರಲ್ಲಿ ನರಿಮನ್ ಪ್ರಿಂಟರ್ ಅನ್ನೋ ಹ್ಯಾಮ್ ಒಬ್ಬರು. ಅವರ ತರಂಗಾಂತರ 42.34 ಮೀಟರ್. ಲೆಕ್ಕ ಹಾಕಿ ನೋಡಿ: ಸುಮಾರು 7.08 ಮೆಗಾಹರ್ಟ್ಸ್. ಇವತ್ತು ನಮ್ಮ ಹ್ಯಾಮ್‌ಗಳು ಬೆಳಿಗ್ಗೆ ಬೆಳಿಗ್ಗೆ ಕಷ್ಟಸುಖ ಮಾತಾಡೋ 40 ಮೀಟರ್ ಬ್ಯಾಂಡಿನ ನಟ್ಟನಡುವೆ! ಅದಕ್ಕೆ ಅರ್ಧ ತರಂಗದ ಡೈಪೋಲ್ ಕಟ್ಟೋದಾದರೆ ಇಪ್ಪತ್ತು ಮೀಟರ್ ತಂತಿ ಬೇಕು. ಪೊಲೀಸರ ಡಿಟೆಕ್ಷನ್ ವ್ಯಾನು ಹಿಂದೆ ಬಿದ್ದಿದ್ದರಿಂದ ಅವರು ಮತ್ತೆ ಮತ್ತೆ ಮನೆ ಬದಲಾಯಿಸಬೇಕಾಯ್ತು. ಟ್ರಾನ್ಸ್‌ಮಿಟರನ್ನ ಪೆಟ್ಟಿಗೆಯಲ್ಲಿ ಬಚ್ಚಿಡಬಹುದು, ಆಂಟೆನಾ ಬಚ್ಚಿಡೋದು ಹೇಗೆ? ನವೆಂಬರ್ 12ಕ್ಕೆ ಸಿಕ್ಕಿಬಿದ್ದರು. ಉಷಾ ಜೈಲಿನಿಂದ ಹೊರಬಂದಿದ್ದು 1946ರಲ್ಲಿ.

ಇಷ್ಟೆಲ್ಲ ಓದಿಕೊಂಡಿದ್ದಕ್ಕೋ ಏನೋ, ಎರಡು ವರ್ಷದ ಹಿಂದೆ ನಾನೂ ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡೆ. ಬೆಂಗಳೂರಿನಲ್ಲಿ ನಾನಿರೋ ಅಪಾರ್ಟ್‌ಮೆಂಟಿನವರು ಟೆರೇಸ್ ಮೇಲೆ ತಂತಿ ಕಟ್ಟೋಕೆ ಬಿಡಲಿಲ್ಲ. "ರೇಡಿಯೇಶನ್" ಅಂದರು. ಹತ್ತಡಿ ಆಚೆ ಮೊಬೈಲ್ ಕಂಪನಿಯ ಕಂಬ ಇದೆ, ಅದಕ್ಕೆ ತಿಂಗಳ ಬಾಡಿಗೆ ಬರತ್ತೆ ನೋಡಿ.

ಸರಿ ಅಂತ ಊರಿಗೆ ಹೋದಾಗ ಕೈಯಲ್ಲಿ ಹಿಡಿಯೋ ವಿಎಚ್‌ಎಫ್ ಸೆಟ್ ತಗೊಂಡು ಸೂಳೆಕೆರೆ ಏರಿ ಮೇಲೆ ನಿಂತೆ. ಏನೂ ಇಲ್ಲ, ಬರೀ ಸೊಂಯ್ ಸದ್ದು. ಅಲ್ಲಿಗೆ ಹೋದವರಿಗೆ ಗೊತ್ತು, ಎರಡೂ ಕಡೆ ಗುಡ್ಡ. ಹರಿದ್ರಾ ನದಿ ಆ ಕಣಿವೆಯಲ್ಲಿ ನುಗ್ಗಿ ಹೋಗೋ ಕಡೆ ಶಾಂತವ್ವ ಕಟ್ಟಿಸಿದಳು ಅಂತ ಕತೆ ಹೇಳೋ ಏರಿ. ಎರಡು ಗುಡ್ಡದ ಸಂದಿ ಕಿರಿದಾಗಿರೋದ್ರಿಂದಲೇ ಪುಟ್ಟ ಏರಿಗೆ ಅಷ್ಟು ದೊಡ್ಡ ಕೆರೆ ನಿಂತಿತು. ಈಗ ಚಿತ್ರದುರ್ಗಕ್ಕೂ ಅಲ್ಲಿಂದಲೇ ಕುಡಿಯೋ ನೀರು ಹೋಗತ್ತೆ. ಆ ಕಾಲದ ಎಂಜಿನಿಯರಿಗೆ ವರವಾದ ಗುಡ್ಡ ನನಗೆ ಶಾಪ! ವಿಎಚ್‌ಎಫ್ ಅಲೆ ಹೆಚ್ಚುಕಮ್ಮಿ ನೇರ ಹೋಗತ್ತೆ, ಗುಡ್ಡ ಅಡ್ಡ ಬಂದರೆ ಮುಗೀತು. ಟವರ್ ಎತ್ತಬೇಕು, ಮೂರು ದಿಕ್ಕಿಗೆ ಗೈ ವೈರ್ ಎಳೀಬೇಕು, ಸಿಡಿಲಿಗೆ ಅರ್ತ್ ಮಾಡಬೇಕು, ವರ್ಷಾವರ್ಷ ಹತ್ತಿ ತುಕ್ಕು ನೋಡಬೇಕು. ನನ್ನ ಕೈಲಾಗೋದಲ್ಲ.

ಆಮೇಲೆ ಹಿರಿಯ ಹ್ಯಾಮ್ ಒಬ್ಬರು ಹೇಳಿದರು, "ಎತ್ತರ ಯಾಕೆ ಮಾರಾಯಾ, ತಗ್ಗಿಗೆ ಕಟ್ಟು". 7 ಮೆಗಾಹರ್ಟ್ಸ್ ತಂತಿಯನ್ನ ನೆಲದಿಂದ ನಾಲ್ಕೈದು ಮೀಟರ್ ಮೇಲಷ್ಟೇ ಕಟ್ಟಿದರೆ ಅಲೆ ನೆಟ್ಟಗೆ ಆಕಾಶಕ್ಕೆ ಹೋಗಿ, ಅಯಾನುಗೋಳಕ್ಕೆ ಬಡಿದು ಸುತ್ತಲಿನ ಮುನ್ನೂರು ನಾನೂರು ಕಿಲೋಮೀಟರಿಗೆ ಮಳೆ ಥರ ಇಳಿಯತ್ತೆ. ಗುಡ್ಡದ ಆಚೆಗೂ ಇಳಿಯತ್ತೆ. 1901ರಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಆಚೆಯ ಸಿಗ್ನಲ್ ಹಿಡಿಯೋಕೆ ಗಾಳಿಪಟಕ್ಕೆ ತಂತಿ ಕಟ್ಟಿ ಹಾರಿಸಿದ್ದ. ಬೆಂಗಳೂರಿನ ಜೊತೆ ಮಾತಾಡೋಕೆ ನನಗೆ ಬಟ್ಟೆ ಒಣಗಿಸೋ ಎತ್ತರ ಸಾಕಾಯ್ತು.

ಹವ್ಯಾಸ ಅಂತ ನಗಬೇಡಿ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಮತ್ತು ತಂಡ ಪೋರ್ಟ್ ಬ್ಲೇರಿಗೆ ಹೋಗಿ ಆಂಟೆನಾ ಕಟ್ಟಿದ್ದು ಅಂಡಮಾನಿನಿಂದ ಪ್ರಪಂಚದ ಹ್ಯಾಮ್‌ಗಳ ಜೊತೆ ಮಾತಾಡೋ ಖುಷಿಗೆ. 26ನೇ ತಾರೀಖು ಸುನಾಮಿ ಬಂತು, ಫೋನ್ ಸತ್ತವು. ಆ ದ್ವೀಪದಿಂದ "ನಾವು ಬದುಕಿದ್ದೇವೆ" ಅನ್ನೋ ಎಷ್ಟೋ ಸುದ್ದಿ ಮನೆಗಳಿಗೆ ಮುಟ್ಟಿದ್ದು ಆ ತಂತಿಗಳಿಂದ.

ಅಜ್ಜನ ಹಳೇ ತಂತಿ ಇಳಿಸಿ ಅಳೆದೆ. ಹನ್ನೊಂದು ಮೀಟರ್ ಚಿಲ್ಲರೆ, ಹಸಿರು ಕಿಲುಬು ಹಿಡಿದಿತ್ತು. ಉಪ್ಪುಕಾಗದದಿಂದ ಉಜ್ಜಿ ಹತ್ತು ಮೀಟರಿಗೆ ಕತ್ತರಿಸಿ ಡೈಪೋಲಿನ ಒಂದು ತೋಳು ಮಾಡಿದೆ. ಇನ್ನೊಂದು ತೋಳು ದಾವಣಗೆರೆಯಿಂದ ತಂದ ಹೊಸ ತಂತಿ. ಒಂದು ತುದಿ ಬೇವಿನ ಮರಕ್ಕೆ, ಇನ್ನೊಂದು ತೆಂಗಿಗೆ. ಬೆಳಿಗ್ಗೆ ಏಳಕ್ಕೆ ಕರೆದೆ, ಮೈಸೂರಿನವರೊಬ್ಬರು ಉತ್ತರ ಕೊಟ್ಟರು. "ಊರು ಯಾವುದು?" ಅಂದರು. ಸೂಳೆಕೆರೆ ಅಂದೆ. ಮೂರು ಸಲ ಹೇಳಿಸಿದರು, ಸಿಗ್ನಲ್ ಸರಿಯಿಲ್ಲದ್ದಕ್ಕೋ ಹೆಸರು ಕೇಳಿಯೋ ಗೊತ್ತಾಗಲಿಲ್ಲ :-)

ಕಳೆದ ತಿಂಗಳು ಅಮ್ಮ ಫೋನ್ ಮಾಡಿದ್ದರು. ಕೋತಿಗಳು ಜೋತಾಡಿ ತೆಂಗಿನ ಕಡೆಯ ಹಗ್ಗ ಹರಿದಿದೆಯಂತೆ. ಸದ್ಯಕ್ಕೆ ಅದರ ಮೇಲೆ ಹಪ್ಪಳದ ಬಟ್ಟೆ ಒಣಗ್ತಾ ಇದೆ.