ಟಿಕೆಟ್ಟೇ ಪಠ್ಯ: ಕಿರಿಯ ಡೆವಲಪರ್‌ಗಳು ಕೆಲಸದಲ್ಲಿದ್ದು ಪ್ರೋಗ್ರಾಮಿಂಗ್ ಕಲಿಯುವ ಬಗೆ

ಮೈಕೆಲ್ ಮೆಕ್ರಾಕೆನ್ ನೇತೃತ್ವದ ಸಂಶೋಧಕರ ತಂಡವೊಂದು ನಾಲ್ಕು ವಿಶ್ವವಿದ್ಯಾಲಯಗಳ 216 ವಿದ್ಯಾರ್ಥಿಗಳಿಗೆ ಕ್ಯಾಲ್ಕುಲೇಟರ್ ಬಗೆಯ ಸಣ್ಣ ಪ್ರೋಗ್ರಾಂಗಳನ್ನು ಬರೆಯಲು ಕೊಟ್ಟು, 2001ರಲ್ಲಿ ಫಲಿತಾಂಶ ಪ್ರಕಟಿಸಿತು. 110 ಅಂಕಗಳಿಗೆ ಸರಾಸರಿ ಬಂದದ್ದು 22.89. ಈ ಅಂಕಿಯನ್ನು ಮುಂದಿಟ್ಟು ಕಾಲೇಜುಗಳನ್ನು ದೂರುವುದು ಅಂದಿನಿಂದ ರೂಢಿಯಾಗಿದೆ. ಬೆಂಗಳೂರಿನ ಕಂಪನಿಗಳ ದೂರೂ ಇದೇ: ಫ್ರೆಶರ್‌ಗಳಿಗೆ ಕೋಡ್ ಬರೆಯಲು ಬರುವುದಿಲ್ಲ. ಅದರಲ್ಲಿ ಹುರುಳಿಲ್ಲದಿಲ್ಲ. ಪಟ್ಟಿಯಲ್ಲಿರುವ ಹತ್ತು ಹನ್ನೆರಡು ಪ್ರೋಗ್ರಾಂಗಳಲ್ಲಿ ಚೀಟಿ ಎತ್ತಿ ಬಂದ ಒಂದನ್ನು ಬರೆದು ತೋರಿಸುವ ಲ್ಯಾಬ್ ಪರೀಕ್ಷೆಗೆ ಕಂಠಪಾಠಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ. ಆದರೆ ಕಾಲೇಜು ಕಲಿಸದೆ ಬಿಟ್ಟದ್ದನ್ನು ಕೆಲಸದ ಜಾಗ ಹೇಗೆ ಕಲಿಸುತ್ತದೆ, ಯಾರಿಗೆ ಕಲಿಸುತ್ತದೆ, ಯಾರಿಗೆ ಕಲಿಸದೆ ಬಿಡುತ್ತದೆ ಎಂದು ಕೇಳುವವರು ಕಡಿಮೆ. ಕಿರಿಯ ಡೆವಲಪರ್‌ಗೆ ಒಂದಾದ ಮೇಲೊಂದರಂತೆ ಸಿಗುವ ಕೆಲಸಗಳ ಸರಣಿಯೇ ನಿಜವಾದ ಪಠ್ಯಕ್ರಮ ಎಂಬುದು ಈ ಲೇಖನದ ವಾದ. ನಮ್ಮ ಸೇವಾ ಕಂಪನಿಗಳಲ್ಲಿ ಆ ಸರಣಿಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಬಿಲ್ಲಿಂಗ್ ಲೆಕ್ಕ.

ಕೆಲಸ ಮಾಡುತ್ತಲೇ ಕಲಿಯುವುದರ ಬಗ್ಗೆ ಬರೆಯುವವರು ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ ಅವರ 1991ರ ಪುಸ್ತಕವನ್ನು ಬದಿಗಿಡುವಂತಿಲ್ಲ. ಲೇವ್ ಲೈಬೀರಿಯಾದ ವಾಯ್ ಮತ್ತು ಗೋಲಾ ದರ್ಜಿಗಳ ನಡುವೆ ಕ್ಷೇತ್ರಕಾರ್ಯ ಮಾಡಿದ್ದರು. ಅಲ್ಲಿ ಕಸಬು ಕಲಿಯಲು ಬಂದ ಹುಡುಗ ಮೊದಲು ಗುಂಡಿ ಹಾಕುತ್ತಾನೆ, ಅಂಚು ಮಡಿಸಿ ಹೊಲಿಯುತ್ತಾನೆ. ಆಮೇಲೆ ತುಂಡುಗಳನ್ನು ಜೋಡಿಸುತ್ತಾನೆ. ಕತ್ತರಿ ಕೈಗೆ ಬರುವುದು ಕೊನೆಗೆ. ಉಡುಪು ತಯಾರಾಗುವ ಕ್ರಮಕ್ಕೆ ಇದು ಪೂರ್ತಿ ತಿರುವುಮುರುವು. ಗುಂಡಿ ಓರೆಯಾದರೆ ಬಿಚ್ಚಿ ಹಾಕಬಹುದು, ಕತ್ತರಿ ತಪ್ಪಿದರೆ ಬಟ್ಟೆಯೇ ಹೋಯಿತು. ಅದಕ್ಕಿಂತ ಮುಖ್ಯವಾಗಿ, ಮುಗಿದ ಉಡುಪನ್ನು ದಿನವೂ ಕೈಯಲ್ಲಿ ತಿರುವಿದವನಿಗೆ ಯಾವ ತುಂಡು ಎಲ್ಲಿ ಕೂಡುತ್ತದೆ ಎಂಬುದು ಯಾರೂ ಹೇಳದೆ ತಿಳಿದುಬರುತ್ತದೆ. ಸಾಫ್ಟ್‌ವೇರ್ ತಂಡಗಳು ಹೊಸಬರ ಕೈಗೆ ಮೊದಲು ಸಣ್ಣ ಬಗ್‌ಗಳನ್ನು ಕೊಡುವುದರ ಹಿಂದೆಯೂ ಇಂಥದೇ ವಿವೇಕ ಇರಬಲ್ಲದು, ಕೊಡುವವರಿಗೆ ಅದು ಗೊತ್ತಿರಲಿ, ಬಿಡಲಿ.

ಒಂದು ಮಾದರಿ ಟಿಕೆಟ್, ಅಂದರೆ ತಂಡದ ಮುಂದೆ ದಾಖಲಾದ ಒಂದು ದೂರು, ತೆಗೆದುಕೊಳ್ಳೋಣ. ಕೆಲವು ಪಾವತಿಗಳ ದಿನಾಂಕ ರಿಪೋರ್ಟಿನಲ್ಲಿ ಒಂದು ದಿನ ಹಿಂದಿನದು ಬರುತ್ತಿದೆ ಎಂಬುದು ದೂರು. ಎಲ್ಲ ಪಾವತಿಗಳದ್ದಲ್ಲ, ಕೆಲವುಗಳದ್ದು ಮಾತ್ರ. ಸೇರಿ ಮೂರು ವಾರವಾದ ಡೆವಲಪರ್ ತಮ್ಮ ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡುತ್ತಾರೆ, ಎಲ್ಲ ಸರಿಯಾಗಿದೆ. ಸರ್ವರ್‌ನಲ್ಲಿ ತಪ್ಪಾಗಿದೆ. ಇಲ್ಲಿಂದ ಮೊದಲ ಪಾಠ ಶುರು: ಒಂದೇ ಕೋಡ್ ಎರಡು ಯಂತ್ರಗಳಲ್ಲಿ ಬೇರೆ ಬೇರೆ ಉತ್ತರ ಕೊಡಬಲ್ಲದು. ದೂರು ಬಂದ ಪಾವತಿಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ ಅವೆಲ್ಲ ನಡುರಾತ್ರಿ ಹನ್ನೆರಡರಿಂದ ಬೆಳಗಿನ ಐದೂವರೆಯ ಒಳಗಿನವು. ಸರ್ವರ್ ಕಾಲವನ್ನು ಯುಟಿಸಿಯಲ್ಲಿ ಇಡುತ್ತದೆ, ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದು. ಹತ್ತನೇ ತಾರೀಖು ರಾತ್ರಿ ಒಂದು ಗಂಟೆಗೆ ಇಲ್ಲಿ ಕಟ್ಟಿದ ಹಣ ಸರ್ವರ್ ಲೆಕ್ಕದಲ್ಲಿ ಒಂಬತ್ತನೇ ತಾರೀಖು ಸಂಜೆ ಏಳೂವರೆಯದು. ಲ್ಯಾಪ್‌ಟಾಪಿನ ಗಡಿಯಾರ ಭಾರತದ್ದಾದ್ದರಿಂದ ಅಲ್ಲಿ ದೋಷ ಕಾಣಿಸಲಿಲ್ಲ.

ರಿಪೋರ್ಟಿನ ಕೋಡಿನಲ್ಲಿ ಐದೂವರೆ ಗಂಟೆ ಕೂಡಿಸಿಬಿಟ್ಟರೆ ಒಂದೇ ಸಾಲಿನಲ್ಲಿ ಕೆಲಸ ಮುಗಿಯಿತು ಎಂದು ತೋರುತ್ತದೆ, ಟಿಕೆಟ್ಟೂ ಮುಚ್ಚಬಹುದು. ಆದರೆ ದಿನಾಂಕ ತೋರಿಸುವ ಈಗಿನ ಸಾಲು ಯಾರು, ಯಾವಾಗ, ಯಾಕೆ ಬರೆದದ್ದೆಂದು ಕೋಡಿನ ಇತಿಹಾಸ ಇಡುವ ಗಿಟ್‌ನಲ್ಲಿ ಹಿಂದಕ್ಕೆ ಹೋದರೆ ಕಥೆ ಬದಲಾಗುತ್ತದೆ. ಈ ವ್ಯವಸ್ಥೆಯನ್ನು ದುಬೈ ಶಾಖೆಯವರೂ ಬಳಸುತ್ತಾರೆ. ಯುಟಿಸಿಯಲ್ಲಿ ಇಟ್ಟದ್ದು ಬೇಕೆಂದೇ. ಇನ್ನೊಂದು ರಿಪೋರ್ಟು ಈಗಾಗಲೇ ಬಳಕೆದಾರರ ಊರಿನ ಸಮಯಕ್ಕೆ ಬದಲಿಸುವ ಫಂಕ್ಷನ್ ಒಂದನ್ನು ಕರೆಯುತ್ತಿದೆ. ಇಲ್ಲಿ ಬೇಕಿದ್ದದ್ದೂ ಅದನ್ನೇ ಕರೆಯುವುದು. ಬದಲಾದ ಸಾಲು ಕೊನೆಗೂ ಒಂದೇ. ಅದನ್ನು ಬರೆಯುವ ಹೊತ್ತಿಗೆ ಹೊಸಬರು ಡೇಟಾಬೇಸು, ಸರ್ವರ್ ಸಂರಚನೆ, ಗ್ರಾಹಕರ ವ್ಯವಹಾರ, ತಂಡದ ಹಳೆಯ ತೀರ್ಮಾನ ಇಷ್ಟನ್ನೂ ಓದಿರುತ್ತಾರೆ. 78 ವೃತ್ತಿಪರ ಡೆವಲಪರ್‌ಗಳ ಕೆಲಸದ ವೇಳೆಯನ್ನು ದಾಖಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಆ ವೇಳೆಯಲ್ಲಿ ಸರಾಸರಿ ಸುಮಾರು 58% ಹೋಗುವುದು ಇರುವ ಕೋಡನ್ನು ಅರ್ಥ ಮಾಡಿಕೊಳ್ಳಲು. ಖಾಲಿ ಪರದೆಯ ಮೇಲೆ ಮೊದಲಿನಿಂದ ಬರೆಯುವುದನ್ನಷ್ಟೇ ಕಲಿತು ಬಂದವರಿಗೆ ಈ ಓದು ಹೊಸ ವಿದ್ಯೆ.

ಈ ಓದಿನಿಂದ ದಕ್ಕುವುದೇನು ಎಂಬುದಕ್ಕೆ ಡೆನ್ಮಾರ್ಕಿನ ಪೀಟರ್ ನೌರ್ 1985ರ ಲೇಖನದಲ್ಲಿ ಕೊಟ್ಟ ಉತ್ತರ ಇಂದಿಗೂ ನನಗೆ ಎಲ್ಲಕ್ಕಿಂತ ಒಪ್ಪಿತ. ಪ್ರೋಗ್ರಾಮಿಂಗ್ ಎಂದರೆ ಮೂಲತಃ ತಲೆಯೊಳಗೆ ಒಂದು ಸಿದ್ಧಾಂತ ಕಟ್ಟಿಕೊಳ್ಳುವುದು. ಕೋಡೂ ದಾಖಲೆಗಳೂ ಅದರ ಹೊರಗಿನ ಗುರುತುಗಳು. ಒಂದು ತಂಡ ಬರೆದ ಕಂಪೈಲರನ್ನು ಇನ್ನೊಂದು ತಂಡ ವಿಸ್ತರಿಸಿದ ಪ್ರಸಂಗವನ್ನು ಅವರು ಉದಾಹರಿಸುತ್ತಾರೆ. ಎರಡನೆಯ ತಂಡದ ಕೈಯಲ್ಲಿ ಪೂರ್ತಿ ದಾಖಲೆಗಳಿದ್ದವು. ಆದರೂ ಅವರು ಸೂಚಿಸಿದ ಹಲವು ಬದಲಾವಣೆಗಳು ಮೂಲ ರಚನೆಯ ಸೌಲಭ್ಯವನ್ನು ಬಳಸದೆ ಮೇಲಿಂದ ತೇಪೆ ಹಚ್ಚುವಂತಿದ್ದವು. ಮೊದಲ ತಂಡದವರಿಗೆ ಅದು ನೋಡಿದ ಕೂಡಲೇ ಗೊತ್ತಾಯಿತು. ನಮ್ಮ ಕಂಪನಿಗಳಲ್ಲಿ ಪ್ರಾಜೆಕ್ಟ್ ಕೈ ಬದಲಾಗುವಾಗ ಎರಡು ಮೂರು ವಾರ ನಡೆಯುವ ‘ಕೆಟಿ’ಯ, ಅಂದರೆ ತಿಳಿವಳಿಕೆ ಹಸ್ತಾಂತರದ, ಅಡಿಪಾಯವನ್ನೇ ಈ ವಾದ ಅಲುಗಾಡಿಸುತ್ತದೆ. ರೆಕಾರ್ಡ್ ಮಾಡಿಟ್ಟ ವಿಡಿಯೋ, ಎಕ್ಸೆಲ್ ಹಾಳೆಗಳಲ್ಲಿ ದಾಟಿಹೋಗುವುದು ಗುರುತುಗಳು ಮಾತ್ರ. ಸಿದ್ಧಾಂತವನ್ನು ಪ್ರತಿಯೊಬ್ಬರೂ ಮತ್ತೆ ಕಟ್ಟಿಕೊಳ್ಳಬೇಕು. ತಿಳಿದವರ ಪಕ್ಕದಲ್ಲಿ ಕುಳಿತು ಕೆಲಸ ಮಾಡುವುದರ ಹೊರತು ನೌರ್ ಬೇರೆ ದಾರಿ ತೋರಿಸುವುದಿಲ್ಲ.

ಪಕ್ಕದಲ್ಲಿ ಕುಳಿತರೂ ಕೇಳಬೇಕಲ್ಲ. ಆಂಡ್ರ್ಯೂ ಬೇಗೆಲ್ ಮತ್ತು ಬೆತ್ ಸೈಮನ್ ಮೈಕ್ರೋಸಾಫ್ಟಿಗೆ ಹೊಸದಾಗಿ ಸೇರಿದ ಎಂಟು ಪದವೀಧರರ ಬೆನ್ನಿಗೇ ಇದ್ದು ಅವರ ದಿನಚರಿಯನ್ನು ಗಮನಿಸಿ 2008ರಲ್ಲಿ ಬರೆದರು. ಆ ಹೊಸಬರು ತೊಡಕಿಗೆ ಸಿಕ್ಕಿದ್ದು ಕೋಡಿಗಿಂತ ಹೆಚ್ಚಾಗಿ ಸಂವಹನದಲ್ಲಿ: ಯಾರನ್ನು ಕೇಳಬೇಕು, ಎಷ್ಟು ಹೊತ್ತು ಒದ್ದಾಡಿದ ಮೇಲೆ ಕೇಳಬೇಕು, ಕೇಳಿದರೆ ದಡ್ಡರೆಂದುಕೊಂಡಾರೇ. ಬೆಂಗಳೂರಿನಲ್ಲಿ ಇದಕ್ಕೆ ಇನ್ನೊಂದು ಪದರ ಕೂಡುತ್ತದೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಹಾಸನದಲ್ಲೋ ಕಲಬುರಗಿಯಲ್ಲೋ ಎಂಜಿನಿಯರಿಂಗ್ ಮುಗಿಸಿ ಬಂದವರು ದೋಷ ಎಲ್ಲಿದೆಯೆಂದು ಕಂಡುಕೊಂಡಿದ್ದರೂ ಬೆಳಗಿನ ಸ್ಟ್ಯಾಂಡಪ್ ಸಭೆಯಲ್ಲಿ ಅದನ್ನು ಇಂಗ್ಲಿಷಿನಲ್ಲಿ ಹೇಳಲು ತಡವರಿಸುತ್ತಾರೆ. ‘ಸರ್’ ಬೇಡ, ಹೆಸರು ಹಿಡಿದೇ ಕರೆಯಿರಿ ಎಂಬ ಕಂಪನಿಯ ನಿಯಮ ಸಲಿಗೆಯನ್ನು ತಾನಾಗಿ ತರುವುದಿಲ್ಲ. ತಂಡದಲ್ಲಿ ಕನ್ನಡ ಬಲ್ಲ ಸೀನಿಯರ್ ಒಬ್ಬರಿದ್ದರೆ ‘ಸರ್, ಇದೊಂದ್ ಸ್ವಲ್ಪ ನೋಡ್ತೀರಾ’ ಎಂಬ ಪ್ರಶ್ನೆ ಕಾಫಿ ಮೆಷಿನ್ ಹತ್ತಿರ ಹುಟ್ಟುತ್ತದೆ. ಔಪಚಾರಿಕ ಮೆಂಟರ್ ಯೋಜನೆಗಳಿಗಿಂತ ಈ ಪ್ರಶ್ನೆಯ ಫಲ ದೊಡ್ಡದೆಂಬುದು ನನ್ನ ಅಂದಾಜು.

ಕೇಳದಿದ್ದರೂ ಕಲಿಸುವ ಏರ್ಪಾಡು ಒಂದಿದೆ, ಅದು ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ಕಾಮೆಂಟು ಬರೆಯುವ ಕೋಡ್ ರಿವ್ಯೂ. ಐಬಿಎಂನ ಮೈಕೆಲ್ ಫೇಗನ್ 1976ರಲ್ಲಿ ಕೋಡ್ ತಪಾಸಣೆಯ ಕ್ರಮವನ್ನು ಪ್ರಕಟಿಸಿದಾಗ ಅದರ ಗುರಿ ದೋಷ ಹಿಡಿಯುವುದಾಗಿತ್ತು. ಆಲ್ಬರ್ಟೊ ಬಕೆಲ್ಲಿ ಮತ್ತು ಕ್ರಿಶ್ಚಿಯನ್ ಬರ್ಡ್ 2013ರಲ್ಲಿ ಮೈಕ್ರೋಸಾಫ್ಟಿನ ರಿವ್ಯೂಗಳನ್ನು ಪರಿಶೀಲಿಸಿದರು. ರಿವ್ಯೂ ಮಾಡುವುದು ಮುಖ್ಯವಾಗಿ ದೋಷ ಹುಡುಕಲು ಎಂದು ಅಲ್ಲಿನವರು ಹೇಳಿದರೂ, ಅದರಿಂದ ದೊರೆಯುತ್ತಿದ್ದದ್ದರಲ್ಲಿ ತಿಳಿವಳಿಕೆಯ ಹಂಚಿಕೆಗೆ ದೊಡ್ಡ ಪಾಲಿತ್ತು. ಆದರೆ ‘ಇದನ್ನು ಬದಲಿಸಿ’ ಎಂಬ ಕಾಮೆಂಟಿನಿಂದ ಕೋಡ್ ಸರಿಹೋಗುತ್ತದೆ, ಬರೆದವರು ಇದ್ದಲ್ಲೇ ಇರುತ್ತಾರೆ. ‘ಪಟ್ಟಿ ಖಾಲಿ ಬಂದರೆ ಇಲ್ಲಿ ಏನಾಗುತ್ತದೆ?’ ಎಂದು ಕೇಳಿದ ಕಾಮೆಂಟು ಮುಂದಿನ ಹತ್ತು ಫಂಕ್ಷನ್‌ಗಳಲ್ಲೂ ಕೆಲಸ ಮಾಡುತ್ತದೆ. ಡೆಡ್‌ಲೈನ್ ಹತ್ತಿರವಾದಂತೆ ಎರಡನೆಯ ಬಗೆ ಮೊದಲು ಮಾಯವಾಗುತ್ತದೆ, ಬಳಿಕ ಮೊದಲನೆಯದೂ.

ಲೇವ್ ಮತ್ತು ವೆಂಗರ್ ದರ್ಜಿಗಳ ಜೊತೆಗೇ ಅಮೆರಿಕದ ಸೂಪರ್‌ಮಾರ್ಕೆಟ್ಟಿನ ಮಾಂಸ ಕತ್ತರಿಸುವವರನ್ನೂ ಚರ್ಚಿಸಿದ್ದರು. ಅದನ್ನು ನೆನೆಯುವವರು ಕಡಿಮೆ. ಅಲ್ಲಿ ಕೆಲವು ಅಂಗಡಿಗಳಲ್ಲಿ ಕಲಿಯಲು ಬಂದವರನ್ನು ಪ್ಯಾಕಿಂಗ್ ಯಂತ್ರದ ಬಳಿ ನಿಲ್ಲಿಸುತ್ತಿದ್ದರು, ನುರಿತವರು ಕತ್ತರಿಸುವುದು ಅಲ್ಲಿಂದ ಕಾಣುತ್ತಲೇ ಇರಲಿಲ್ಲ. ಹೊಸಬರು ಒಂದು ಕೆಲಸದಲ್ಲಿ ವೇಗ ಗಳಿಸಿದಷ್ಟೂ ಅಂಗಡಿಗೆ ಲಾಭ, ಹಾಗಾಗಿ ಅವರನ್ನು ಅಲ್ಲಿಯೇ ಇಟ್ಟುಕೊಳ್ಳುವುದು ಅನುಕೂಲ. ಸೇವಾ ಕಂಪನಿಗಳ ಸಪೋರ್ಟ್ ಪ್ರಾಜೆಕ್ಟುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮೊದಲ ಹಂತದ, ಅಂದರೆ ಎಲ್ ಒನ್, ಟಿಕೆಟ್ಟುಗಳಲ್ಲಿ ಬಹುಪಾಲು ಕೈಪಿಡಿ ನೋಡಿ ಮಾಡುವಂಥವು: ಪಾಸ್‌ವರ್ಡ್ ಬದಲಿಸು, ನಿಂತ ಜಾಬನ್ನು ಮತ್ತೆ ಓಡಿಸು, ಮೇಲಿನವರಿಗೆ ದಾಟಿಸು. ದಿನಾಂಕದ ಟಿಕೆಟ್ಟಿನಂಥದು ಮೂರನೆಯ ಹಂತದ ಎಲ್ ತ್ರೀಗೆ ಹೋಗುತ್ತದೆ, ಅಲ್ಲಿ ಏನಾಯಿತೆಂಬ ಸುದ್ದಿ ಕೆಳಗೆ ಬರುವುದಿಲ್ಲ. ತಲೆಯ ಲೆಕ್ಕದಲ್ಲಿ, ಗಂಟೆಯ ಲೆಕ್ಕದಲ್ಲಿ ಗ್ರಾಹಕರಿಗೆ ಬಿಲ್ ಮಾಡುವಲ್ಲಿ ಎರಡು ವರ್ಷ ಎಲ್ ಒನ್‌ನಲ್ಲಿ ಪಳಗಿದವರನ್ನು ಬೇರೆಡೆಗೆ ಕಳಿಸಿದರೆ ಮ್ಯಾನೇಜರಿಗೆ ನಷ್ಟ. ಸೀನಿಯರ್ ಒಬ್ಬರು ಅವರ ಪಕ್ಕ ಕುಳಿತ ಗಂಟೆಯನ್ನು ಯಾವ ಕೋಡಿಗೆ ಹಾಕುವುದೆಂದು ಟೈಮ್‌ಶೀಟಿಗೂ ಗೊತ್ತಿಲ್ಲ. ಕ್ಯಾರಲ್ ಉಪಾಧ್ಯ ಮತ್ತು ಎ.ಆರ್. ವಾಸವಿ 2006ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಸಿದ್ಧಪಡಿಸಿದ ವರದಿ ಐಟಿ ನೌಕರರ ಕೆಲಸ, ಬದುಕುಗಳನ್ನು ಸಮಾಜಶಾಸ್ತ್ರದ ಕಣ್ಣಿಂದ ವಿವರವಾಗಿ ನೋಡಿದೆ. ಆ ದಾರಿಯಲ್ಲಿ ಮುಂದುವರಿದು ಕಲಿಕೆಗೂ ಟೈಮ್‌ಶೀಟಿಗೂ ಇರುವ ನಂಟನ್ನು ಶೋಧಿಸುವ ಕೆಲಸ ಆಗಬೇಕಿದೆ. ಸದ್ಯಕ್ಕೆ ಕಂಡಂತೆ ಹೇಳುವುದಾದರೆ, ಕಲಿಕೆ ರಾತ್ರಿಗೆ ಜಾರುತ್ತದೆ, ಪಿಜಿಯ ಕೋಣೆಗೆ, ಯೂಟ್ಯೂಬಿಗೆ. ಮದುವೆಯಾದ ಹೆಣ್ಣುಮಕ್ಕಳಿಗೆ ಆ ರಾತ್ರಿಯೂ ತಮ್ಮದಲ್ಲ.

ಈಚೆಗೆ ಹೊಸಬರು ಕಲಿಕೆ ಶುರುಮಾಡುವ ಅಂಚಿನ ಸಣ್ಣ ಕೆಲಸಗಳೇ ಕರಗುತ್ತಿವೆ. ಕೋಡ್ ಬರೆಯುವ ಎಐ ಸಾಧನವಾದ ಗಿಟ್‌ಹಬ್ ಕೋಪೈಲಟ್ ಬಂದ ಮೇಲೆ ನಡೆದ, 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅದನ್ನು ಬಳಸಿದವರು ಜಾವಾಸ್ಕ್ರಿಪ್ಟಿನಲ್ಲಿ ಸಣ್ಣ ಸರ್ವರ್ ಬರೆಯುವ ಕೆಲಸವನ್ನು 55.8% ಬೇಗ ಮುಗಿಸಿದರು. ಮೆಟರ್ ಸಂಸ್ಥೆಯ 2025ರ ಅಧ್ಯಯನದಲ್ಲಿ ತಾವೇ ಬಹುಕಾಲದಿಂದ ಬಲ್ಲ ಕೋಡಿನ ಮೇಲೆ ಕೆಲಸ ಮಾಡಿದ 16 ಅನುಭವಿಗಳಿಗೆ ಎಐ ಸಾಧನಗಳಿಂದ 19% ಹೆಚ್ಚು ಸಮಯ ಹಿಡಿಯಿತು. ಅವರೋ 20% ಉಳಿಯಿತೆಂದೇ ನಂಬಿದ್ದರು. ಎರಡನ್ನೂ ಪರಸ್ಪರ ವಿರುದ್ಧವೆಂದು ಓದಬೇಕಿಲ್ಲ. ಒಂದು ಹೊಸದಾಗಿ ಬರೆಯುವ ಕೆಲಸ, ಇನ್ನೊಂದು ನೌರ್ ಹೇಳಿದ ಸಿದ್ಧಾಂತ ತಲೆಯಲ್ಲಿ ಇದ್ದವರ ಕೆಲಸ. ಕೆಲಸ ಮುಗಿದ ಮೇಲೆ ಮಾಡಿದವರ ತಲೆಯಲ್ಲಿ ಏನು ಉಳಿಯಿತು ಎಂಬುದು ಎರಡರ ಅಳತೆಗೂ ಹೊರಗಿನದು. ದಿನಾಂಕದ ಟಿಕೆಟ್ಟನ್ನು ಇಂದು ಎಐಗೆ ಕೊಟ್ಟರೆ ಐದೂವರೆ ಗಂಟೆ ಕೂಡಿಸುವ ಸಾಲನ್ನೋ, ಅದೃಷ್ಟವಿದ್ದರೆ ಸರಿಯಾದ ಫಂಕ್ಷನ್ನನ್ನೋ ಕ್ಷಣದಲ್ಲಿ ಕೊಟ್ಟೀತು. ಎರಡರಲ್ಲಿ ಯಾವುದು ಬಂತೆಂದು ಗುರುತಿಸಲು ದುಬೈ ಶಾಖೆಯ ಸಂಗತಿ ಗೊತ್ತಿರಬೇಕು. ಅದು ಗೊತ್ತಾಗುತ್ತಿದ್ದದ್ದು ಹುಡುಕಾಟದ ದಾರಿಯಲ್ಲಿ.

ಆದ್ದರಿಂದ ಅಳೆಯಬೇಕಾದದ್ದು ವೇಗವನ್ನಲ್ಲ, ಸರಣಿಯನ್ನು. ಅದಕ್ಕೆ ಬೇಕಾದ ಸಾಮಗ್ರಿ ಪ್ರತಿ ಕಂಪನಿಯ ಟಿಕೆಟ್ ವ್ಯವಸ್ಥೆಯಲ್ಲೂ ಗಿಟ್ ಇತಿಹಾಸದಲ್ಲೂ ಆಗಲೇ ಬಿದ್ದಿದೆ. ಒಬ್ಬ ಕಿರಿಯ ಡೆವಲಪರ್‌ಗೆ ಮೊದಲ ಹನ್ನೆರಡು ತಿಂಗಳಲ್ಲಿ ಯಾವ ಟಿಕೆಟ್ಟಿನ ನಂತರ ಯಾವುದು ಬಂತು, ಎಷ್ಟನೆಯ ತಿಂಗಳಲ್ಲಿ ಮೊದಲ ಬಾರಿ ವಿನ್ಯಾಸದ ಚರ್ಚೆಗೆ ಕರೆದರು, ರಿವ್ಯೂ ಕಾಮೆಂಟುಗಳಲ್ಲಿ ಕಾರಣ ಸಮೇತ ಬಂದವು ಎಷ್ಟು, ಮೇಲಕ್ಕೆ ದಾಟಿಸಿದ ಟಿಕೆಟ್ಟಿನ ಪರಿಹಾರವನ್ನು ಆಮೇಲೆ ತೆರೆದು ನೋಡಿದರೇ ಎಂಬುದನ್ನೆಲ್ಲ ಅಲ್ಲಿಂದ ತೆಗೆಯಬಹುದು. ಹೆಸರು ಅಳಿಸಿದ ಇಂಥ ದಾಖಲೆಗಳನ್ನು ಸಂಶೋಧಕರಿಗೆ ತೆರೆದುಕೊಡುವಂತೆ ಕಂಪನಿಗಳನ್ನು ಒಪ್ಪಿಸುವುದು ಮೊದಲ ಕೆಲಸ. ಓದಿದ ಮಾಧ್ಯಮ ಯಾವುದು, ಹೆಣ್ಣೋ ಗಂಡೋ, ಹಳ್ಳಿಯೋ ಪಟ್ಟಣವೋ ಎಂಬುದರ ಪ್ರಕಾರ ಆ ಸರಣಿಗಳನ್ನು ಬೇರೆ ಬೇರೆಯಾಗಿ ಇಟ್ಟು ನೋಡುವುದು ಎರಡನೆಯದು.